ಎರಡನೆಯ ಚೌಕ

ಸಹಿ ಮಾಡುವ ಮುಂಚೆ ಗುಮಾಸ್ತ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದ. ಚರಂಡಿ ರಿಪೇರಿಯ ಕಾಗದವಿರಲಿ, ಯಾರದೋ ಮಗುವಿನ ಜನನ ಪತ್ರವಿರಲಿ, ಪೆನ್ನಿನ ಟೋಪಿ ತೆಗೆದು, ರೆಪ್ಪೆ ಮುಚ್ಚಿ, ‘ಸ್ವಾಮೀ, ಈ ಕೈ ನಿನ್ನದು’ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಆಮೇಲೆ ಬರೆಯುತ್ತಿದ್ದ. ಪಟ್ಟಣ ಕಚೇರಿಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ನಿಯಂತ್ರಣ ಕೊಠಡಿಯಲ್ಲಿ ವೈರ್‌ಲೆಸ್ ನೋಡಿಕೊಳ್ಳುವ ಹೆಂಗಸಿಗಂತೂ ಇದೊಂದು ತಮಾಷೆ. ಬಾಯಿಗೆ ಬಿಡುವೇ ಇಲ್ಲದ ಅವಳನ್ನು ಜನ ರೇಡಿಯೊ ಎಂದೇ ಕರೆಯುತ್ತಿದ್ದರು. “ನಿದ್ದೆ ಮುಗೀತಾ ಸಾರ್? ಮೊಹರು ಒತ್ತಲಾ?” ಎನ್ನುತ್ತಿದ್ದಳು.

ಆ ಬೆಳಗ್ಗೆ ಅವಳು ಹಾಗನ್ನಲಿಲ್ಲ. ಮೇಲ್ಗಡೆ ಹಿಡಿದ ಮಳೆ ಎರಡು ದಿನವಾದರೂ ಬಿಟ್ಟಿರಲಿಲ್ಲ. ಏಳು ಗಂಟೆಗೆ ಹೊಳೆ ದಂಡೆ ಹತ್ತಿತ್ತು. ಎಂಟೂವರೆಗೆ ತಗ್ಗಿನ ಬೀದಿಯಲ್ಲಿ ಮೊಣಕಾಲುದ್ದ ನೀರು. ಪಟ್ಟಣಾಧಿಕಾರಿಗಳು ಕಣ್ಣಿನ ಆಪರೇಷನ್‌ಗೆಂದು ದೂರದ ಆಸ್ಪತ್ರೆ ಸೇರಿದ್ದರು. ಅವರು ಮರಳುವವರೆಗೆ ಸಹಿಯ ಅಧಿಕಾರ ಗುಮಾಸ್ತನದು. ಅವನ ಮುಂದೆ ಹಳದಿ ಹಾಳೆಯೊಂದಿತ್ತು.

ಈ ಹಾಳೆಯ ಸಂಗತಿ ಇಲ್ಲೇ ಹೇಳಿಬಿಡಬೇಕು. ಬೆಂಕಿಯೋ ನೆರೆಯೋ, ಏನೇ ಬರಲಿ, ಅದು ಯಾರ ಪಾಲಿನ ಕೆಲಸವೆಂದು ತೀರ್ಮಾನವಾಗುತ್ತಿದ್ದುದು ಇದರ ಮೇಲೆ. ಹಾಳೆಯ ನಡುವೆ ಮೂರು ಚೌಕ. ಮೊದಲನೆಯದಕ್ಕೆ ಗುರುತು ಹಾಕಿದರೆ ಊರೇ ನೋಡಿಕೊಳ್ಳುತ್ತದೆ ಎಂದರ್ಥ. ಎರಡನೆಯದಕ್ಕೆ ಹಾಕಿದರೆ ಊರಿನ ಕೈ ಮೀರಿದೆ, ರಾಜ್ಯ ವಹಿಸಿಕೊಳ್ಳಬೇಕು. ಮೂರನೆಯದು ರಾಜ್ಯದ ಕೈಯೂ ಮೀರಿತು, ಕೇಂದ್ರ ಬರಬೇಕು ಎನ್ನುವುದು; ಅದಕ್ಕೆ ಗುರುತು ಹಾಕುವ ಹಕ್ಕು ರಾಜ್ಯದವರಿಗೆ ಮಾತ್ರ. ಒಂದು ಸಲ ಚೌಕ ದಾಟಿದ ಮೇಲೆ ಹಿಂದಿನವರು ತಾವಾಗಿ ಕೈ ಹಾಕುವಂತಿಲ್ಲ. ಕೈಗಳು ಹೆಚ್ಚಾದರೆ ಗೊಂದಲ, ಗೊಂದಲವಾದರೆ ಸಾವು ಎಂಬ ಒಳ್ಳೆಯ ಉದ್ದೇಶದಿಂದಲೇ ಬಲ್ಲವರು ಆ ನಿಯಮ ಮಾಡಿದ್ದರು.

ಎರಡು ವರ್ಷದ ಹಿಂದೆ ಹತ್ತಿ ಗೋದಾಮಿಗೆ ಬೆಂಕಿ ಬಿದ್ದಾಗಲೂ ಅಧಿಕಾರಿಗಳು ಊರಲ್ಲಿರಲಿಲ್ಲ; ಗುಮಾಸ್ತ ಮೊದಲನೆಯ ಚೌಕಕ್ಕೆ ಗುರುತು ಹಾಕಿ, ನಾಲ್ಕು ತಾಸು ಕಳೆದ ಮೇಲೆ ಎರಡನೆಯದಕ್ಕೆ ಹಾಕಿದ್ದ. ಮೂವರು ಸತ್ತರು. ಅವರಲ್ಲೊಬ್ಬ ಅಗ್ನಿಶಾಮಕ ಠಾಣೆಯ ಆಳು. ಅಪ್ಪಣೆ ಇಲ್ಲದೆ ಒಳಗೆ ನುಗ್ಗಿದನೆಂದು ಅವನ ಹೆಂಡತಿಗೆ ಒಂದು ಸಮಾಧಾನದ ಕಾಗದವೂ ಬರಲಿಲ್ಲ. ವಿಚಾರಣೆಯ ವರದಿಯಲ್ಲಿ ಒಂದು ಸಾಲಿತ್ತು: ‘ಸ್ಥಳೀಯ ಕಚೇರಿಯು ತನ್ನ ಶಕ್ತಿ ಮೀರಿದ್ದನ್ನು ತಡವಾಗಿ ಒಪ್ಪಿಕೊಂಡಿತು.’ ಗುಮಾಸ್ತ ಆ ಸಾಲನ್ನು ಪ್ರಾರ್ಥನೆಯ ಜೊತೆಗೇ ಬಾಯಿಪಾಠ ಮಾಡಿಬಿಟ್ಟಿದ್ದ. ಈ ಸಲ ತಡಮಾಡಬಾರದು. ಅಹಂಕಾರ ಬಿಟ್ಟು, ನಮ್ಮ ಕೈಲಾಗದು ಎಂದು ಮೊದಲೇ ತಲೆಬಾಗಿಬಿಡಬೇಕು.

ಕಣ್ಣು ಮುಚ್ಚಿದ. ತೆರೆದ. ಎಂಟು ಐವತ್ತಕ್ಕೆ ಎರಡನೆಯ ಚೌಕಕ್ಕೆ ಗುರುತು ಹಾಕಿ ಸಹಿ ಮಾಡಿದ.

ಹನ್ನೆರಡೇ ನಿಮಿಷದಲ್ಲಿ ರಾಜ್ಯದ ಉತ್ತರ ಬಂತು. ‘ವಹಿಸಿಕೊಂಡಿದ್ದೇವೆ. ನಿಮ್ಮ ದೋಣಿ, ವಾಹನ, ಆಳುಗಳನ್ನು ಎತ್ತರದ ಶಾಲೆಯ ಮೈದಾನದಲ್ಲಿ ಸಜ್ಜಾಗಿಡಿ. ನಮ್ಮ ಅಧಿಕಾರಿ ಬರುವವರೆಗೆ ಯಾರೂ ನೀರಿಗೆ ಇಳಿಯಕೂಡದು.’ ಗುಮಾಸ್ತನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಅಗ್ನಿಶಾಮಕ ಠಾಣೆಯ ಮುಖ್ಯಸ್ಥರು ಅವನ ಅಕ್ಕನ ಗಂಡ. ಊರಿಗಿದ್ದ ಎರಡೇ ಎರಡು ದೋಣಿಗಳನ್ನು ಅವರು ಆಗಲೇ ತಗ್ಗಿನ ಬೀದಿಯ ತುದಿಗೆ ತಂದು ನಿಲ್ಲಿಸಿದ್ದರು. ವೈರ್‌ಲೆಸ್ಸಿನಲ್ಲಿ ಅವರ ಗಂಟಲು ಗರಗರ ಎಂದಿತು.

“ಏನೋ ಭಾಮೈದ, ಮೈದಾನಕ್ಕೆ ಹೋಗು ಅಂತೀಯಲ್ಲ, ಅಲ್ಲಿ ದೋಣೀನ ಹುಲ್ಲಿನ ಮೇಲೆ ಓಡಿಸಲಾ?”

“ಕಾಗದ ಹೋಗಿಬಿಟ್ಟಿದೆ ಭಾವ. ಈಗ ಅವರದೇ ಮಾತು.”

“ಅರ್ಧ ಗಂಟೆ ಕೊಡು ನಂಗೆ. ಆರೈಕೆ ಮನೆಯಲ್ಲಿ ಹನ್ನೊಂದು ಜನ ಮಲಗಿದ್ದಾರೆ, ನಿಮ್ಮಕ್ಕನೂ ಅಲ್ಲೇ ಇದ್ದಾಳೆ. ಎತ್ತಿ ಹಾಕ್ಕೊಂಡು ಬಂದುಬಿಡ್ತೀನಿ. ಆಮೇಲೆ ಮೈದಾನಕ್ಕಾದ್ರೂ ಕಳ್ಸು, ಗುಡ್ಡಕ್ಕಾದ್ರೂ ಕಳ್ಸು.”

ಹಾಸಿಗೆ ಹಿಡಿದವರ ಆರೈಕೆ ಮನೆ ಆ ಬೀದಿಯ ನಡುವಿನಲ್ಲಿತ್ತು. ಅಕ್ಕ ಅಲ್ಲಿ ಇಪ್ಪತ್ತು ವರ್ಷದಿಂದ ನರ್ಸು.

ಗುಮಾಸ್ತ ಗಡಿಯಾರ ನೋಡಿದ, ಹಳದಿ ಹಾಳೆಯ ನಕಲು ನೋಡಿದ. “ಅಪ್ಪಣೆ ಇಲ್ಲದೆ ಇಳಿದು ನಿಮ್ಮ ಆಳಿಗೆ ಏನಾದ್ರೂ ಆದ್ರೆ? ಗೋದಾಮಿನ ಕಥೆ ಮರೆತ್ರಾ ಭಾವ? ರಾಜ್ಯದ ದಂಡು ಹೊರಟಾಗಿದೆ. ಎಂಟು ದೋಣಿ, ನಲವತ್ತು ಜನ. ಹತ್ತೂವರೆಗೆ ಇಲ್ಲಿರ್ತಾರೆ. ಈಗ ಬರೀ ಮೊಣಕಾಲುದ್ದ ತಾನೆ.”

ಸತ್ತ ಆ ಆಳಿನ ಹೆಸರೆತ್ತದೆಯೇ ಅವನ ನೆನಪು ಇಬ್ಬರ ನಡುವೆ ಬಂದು ನಿಂತಿತು. “ಆಯ್ತಪ್ಪ, ನೀನು ಓದಿದವನು” ಎಂದರು ಭಾವ. ಎರಡೂ ದೋಣಿಗಳು ಗಾಡಿಯೇರಿ ಒಂದೂವರೆ ಮೈಲಿ ದೂರದ ಏರಿನ ಮೇಲಿನ ಮೈದಾನಕ್ಕೆ ಹೋದವು.

ಹತ್ತೂವರೆ ಆಯಿತು, ಹನ್ನೊಂದಾಯಿತು. ರಾಜ್ಯದ ದಂಡು ಬಂದದ್ದೇನೋ ನಿಜ, ಆದರೆ ಬಂದದ್ದು ಹೊಳೆಯ ಆ ದಡಕ್ಕೆ. ನಡುವಿನ ಸೇತುವೆ ಹೆದ್ದಾರಿಯದು, ಹೆದ್ದಾರಿ ಕೇಂದ್ರದ್ದು. ಕಂಬಕ್ಕೆ ಮರದ ಬೊಡ್ಡೆ ಬಡಿದಿದೆ, ಪರೀಕ್ಷೆಯಾಗುವವರೆಗೆ ಒಂದು ಸೈಕಲ್ಲನ್ನೂ ಬಿಡುವುದಿಲ್ಲ ಎಂದು ಸೇತುವೆಯ ಎಂಜಿನಿಯರು ಅಡ್ಡಗಂಬ ಇಳಿಸಿ ನಿಂತಿದ್ದರು. ನಡುಹೊಳೆಯ ಸೆಳೆತಕ್ಕೆ ದೋಣಿ ಹಾಕುವ ಮಾತೇ ಇರಲಿಲ್ಲ.

ಅದೇ ಹೊತ್ತಿಗೆ ಅಕ್ಕನ ಫೋನು ಬಂತು.

“ನೀರು ಒಳಗೆ ಬಂತು ಕಣೋ. ಮಂಚದ ಕಾಲು ಮುಳುಗ್ತಿದೆ. ಅಡುಗೆಯವಳೂ ನಾನೂ ಸೇರಿ ಮೂರು ಜನರನ್ನ ಮಹಡಿಗೆ ಹೊತ್ತಿದೀವಿ. ನಿಮ್ಮ ಭಾವ ಎಲ್ಲಿ?”

“ಮೈದಾನದಲ್ಲಿ.”

“ಮೈದಾನದಲ್ಲಿ ಏನು ಮಾಡ್ತಿದಾರೆ, ಚೆಂಡಾಟವಾ?”

“ಬರ್ತಾರೆ ಅಕ್ಕ. ರಾಜ್ಯದವರು ಬರ್ತಿದಾರೆ. ಇನ್ನೊಂದು ತಾಸು ತಡ್ಕೋ.”

“ನಾನು ತಡ್ಕೋತೀನಿ. ನೀರಿಗೆ ಯಾರು ಹೇಳ್ತಾರೆ?” ಎಂದು ಫೋನಿಟ್ಟಳು.

ಗುಮಾಸ್ತ ಆ ದಡದಲ್ಲಿದ್ದ ರಾಜ್ಯದ ಸಾಹೇಬರಿಗೆ ಫೋನು ಹಚ್ಚಿದ. ಅವರು ಕೆಟ್ಟವರಲ್ಲ, ಅವರ ದನಿಯಲ್ಲೂ ಸಂಕಟವಿತ್ತು.

“ಸಾರ್, ನಮ್ಮ ಎರಡು ದೋಣಿಗೆ ಇಳಿಯೋಕೆ ಅಪ್ಪಣೆ ಕೊಡಿ.”

“ನಮ್ಮ ಅಧಿಕಾರಿ ಸ್ಥಳದಲ್ಲಿ ಇಲ್ಲದೆ ಹೇಗೆ ಕೊಡೋದು ಹೇಳಿ? ಹೋದ ವರ್ಷ ಆಳ ಅಳತೆ ಮಾಡದೆ ಜನರನ್ನ ಇಳಿಸಿದ್ವಿ ಅಂತ ಇಬ್ಬರು ಅಧಿಕಾರಿಗಳು ಮನೆಗೆ ಹೋದ್ರು.”

“ಹಾಗಾದ್ರೆ ಊರಿಗೇ ವಾಪಸ್ ಕೊಡಿ.”

“ವಾಪಸ್ ಕೊಡೋಕೆ ನಿಮ್ಮ ಶಕ್ತಿ ಹೆಚ್ಚಾಗಿದೆ ಅಂತ ನೀವು ಬರ್ಕೊಡಬೇಕು. ಒಂಬತ್ತು ಗಂಟೆಗೆ ಇಲ್ಲದ ಶಕ್ತಿ ಹನ್ನೊಂದಕ್ಕೆ ಎಲ್ಲಿಂದ ಬಂತು ಅಂತ ಕೇಳ್ತಾರೆ. ಏನು ಹೇಳ್ತೀರಿ?”

ಗುಮಾಸ್ತ ಕೇಂದ್ರದ ಕಚೇರಿಗೆ ಫೋನು ಹಚ್ಚಿದ. ಅಲ್ಲಿ ಹೆಂಗಸೊಬ್ಬರು ತಾಯಿಯಂಥ ದನಿಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡರು. “ಹೆಲಿಕಾಪ್ಟರ್ ಸಿದ್ಧವಾಗಿದೆಯಪ್ಪ. ರಾಜ್ಯದವರು ಮೂರನೆಯ ಚೌಕಕ್ಕೆ ಗುರುತು ಹಾಕಿದ ತಕ್ಷಣ ಹಾರುತ್ತೆ. ಅವರಿಗೆ ಹೇಳಿ” ಎಂದರು. ಮತ್ತೆ ರಾಜ್ಯದ ಸಾಹೇಬರು. “ನಮ್ಮ ದಂಡು ಇನ್ನೂ ಕೆಲಸವನ್ನೇ ಶುರು ಮಾಡಿಲ್ಲ. ಕೈಯನ್ನೇ ಹಾಕದೆ ಕೈ ಮೀರಿದೆ ಅಂತ ಹೇಗೆ ಬರೀಲಿ? ಮೇಲಿನವರನ್ನ ಕೇಳಿದೀನಿ. ಸಭೆ ಕೂತಿದಾರೆ.”

ರೇಡಿಯೊ ತಲೆಗೆ ಹಾಕಿದ್ದ ಹೆಡ್‌ಫೋನ್ ಕಿತ್ತು ಕತ್ತಿಗೆ ಇಳಿಬಿಟ್ಟಳು. “ಒಬ್ಬ ಆಗ್ಲಿಲ್ಲ ಅಂತ ಬರ್ದ, ಒಬ್ಬ ಬರ್ಲಿಲ್ಲ, ಇನ್ನೊಬ್ಬನ್ನ ಕರೀಲಿಲ್ಲ. ಚೆನ್ನಾಗಿದೆ ಸಾರ್ ಸಂಸಾರ.”

ಗುಮಾಸ್ತ ಕಿಟಕಿಗೆ ಹೋಗಿ ನಿಂತ. ಕೆಳಗೆ ಕಚೇರಿಯ ಮೆಟ್ಟಿಲ ತುಂಬ ಜನ. ಹೆಗಲ ಮೇಲೆ ಹಾಸಿಗೆ ಸುರುಳಿ, ಕಂಕುಳಲ್ಲಿ ಕೂಸು. ಅದರಾಚೆ ಬೀದಿಯಿದ್ದ ಕಡೆ ಕಂದುಬಣ್ಣದ ನೀರು ಸದ್ದಿಲ್ಲದೆ, ತನಗೆ ಯಾವ ಅವಸರವೂ ಇಲ್ಲವೆಂಬಂತೆ ಹರಿಯುತ್ತಿತ್ತು. ಭಗವಂತ ಮನುಷ್ಯನಿಗೆ ಕಷ್ಟ ಕೊಟ್ಟರೆ ಅದನ್ನು ತಾಳುವ ಬಲವನ್ನೂ ಕೊಡುತ್ತಾನೆ ಎಂದು ಅವನು ಬಾಳಿಡೀ ನಂಬಿದ್ದ. ಈಗ ಅವನಿಗೆ ಹೊಳೆದದ್ದು ಬೇರೆ: ಕೊಟ್ಟಿದ್ದ ಬಲ ಬೆಳಗ್ಗೆ ಬೀದಿಯ ತುದಿಯಲ್ಲೇ ನಿಂತಿತ್ತು. ಅದನ್ನು ಗಾಡಿಗೆ ಹೇರಿ ಏರಿಗೆ ಕಳಿಸಿದ್ದು ತಾನು.

ಹನ್ನೆರಡೂ ನಲವತ್ತಕ್ಕೆ ಅಕ್ಕ ಮತ್ತೆ ಫೋನು ಮಾಡಿದಳು. ಈ ಸಲ ಅವಳ ಮಾತಿನಲ್ಲಿ ಕುಹಕವಿರಲಿಲ್ಲ. ಏಳು ಜನ ಮೇಲಿದ್ದಾರೆ. ನಾಲ್ವರು ಕೆಳಗೆ. ಒಬ್ಬರು ದರ್ಜಿ, ಒಬ್ಬರು ಲಾರಿ ಓಡಿಸುತ್ತಿದ್ದವರು, ಒಬ್ಬರು ಪಾಠ ಹೇಳುತ್ತಿದ್ದ ಮೇಷ್ಟ್ರು, ಇನ್ನೊಬ್ಬಳು ಬೆನ್ನುಮೂಳೆ ಮುರಿದ ಮೂವತ್ತರ ಹೆಂಗಸು. ನಾಲ್ವರೂ ಭಾರದವರು. ಅಡುಗೆಯವಳ ಭುಜ ಕಳಚಿದೆ. ನಾಲ್ವರನ್ನೂ ಊಟದ ಮೇಜಿನ ಮೇಲೆ ಮಲಗಿಸಿದ್ದೇನೆ ಎಂದಳು.

“ನೀರಿಗೂ ಮೇಜಿಗೂ ಇನ್ನೆಷ್ಟು ದೂರ ಇದೆ ಅಕ್ಕ?”

“ದೂರ ಎಲ್ಲಿದೆ? ಮೇಜು ಕಾಣ್ತಾನೇ ಇಲ್ಲ. ತಲೆ ಎತ್ತಿ ಹಿಡಿದಿದೀನಿ ಒಬ್ಬೊಬ್ಬರದಾಗಿ. ನನಗಿರೋದು ಎರಡೇ ಕೈ ಕಣೋ.” ನೀರಿನ ಸದ್ದು ಬಂತು. “ಫೋನ್ ಹಿಡಿಯೋಕೂ ಒಂದು ಕೈ ಬೇಕು. ಇಡ್ತೀನಿ.”

ಆಮೇಲೆ ಆ ನಂಬರು ಹತ್ತಲಿಲ್ಲ.

ಗುಮಾಸ್ತ ಕುರ್ಚಿಯಲ್ಲಿ ಕೂತ. ಒಂದು ಗಂಟೆಯಾಯಿತು. ಒಂದೂವರೆಯಾಯಿತು. ರಾಜ್ಯದ ಸಾಹೇಬರ ಫೋನು ಸಭೆಯಲ್ಲೇ ಇತ್ತು. ಇಷ್ಟು ಹೊತ್ತು ಅವನು ಏನು ಮಾಡಿದ ಎಂದು ಆಮೇಲೆ ಅವನೇ ತನ್ನನ್ನು ಎಷ್ಟೋ ಸಲ ಕೇಳಿಕೊಂಡ. ಪ್ರಾರ್ಥಿಸಿದ. ಮೂರು ಸಲ ಫೋನು ಮಾಡಿದ. ಮತ್ತೆ ಪ್ರಾರ್ಥಿಸಿದ. ಯಾರೋ ಒಬ್ಬರು ‘ಹೂಂ’ ಎನ್ನಲಿ ಎಂದು ಕಾದ. ದೇವರಾದರೂ ಸರಿ, ಸಾಹೇಬರಾದರೂ ಸರಿ.

ಎರಡು ಗಂಟೆಗೆ ಬಾಗಿಲು ದಡಾರೆಂದಿತು. ಭಾವ. ತಲೆಯಿಂದ ನೀರು ಸುರಿಯುತ್ತಿತ್ತು, ಏರಿನಿಂದ ಓಡಿ ಬಂದಿದ್ದರು.

“ನಾನು ಹೋಗ್ತಿದೀನಿ. ಕೇಳೋಕೆ ಬಂದಿಲ್ಲ, ಹೇಳೋಕೆ ಬಂದಿದೀನಿ. ನನ್ನ ಹೆಂಡ್ತಿ ಅವಳು. ನಂದೊಬ್ಬಂದು ಹೇಗಾದ್ರೂ ಆಗ್ಲಿ. ಆದ್ರೆ ಆರು ಆಳು ನನ್ನ ಜೊತೆ ಬರ್ತೀವಿ ಅಂತ ನಿಂತಿದಾರೆ. ಅವರಲ್ಲಿ ಒಬ್ಬ ಮುಳುಗಿದ್ರೆ ಅವನ ಹೆಂಡ್ತಿ ಮಕ್ಕಳಿಗೆ ನೀನು ಏನು ಹೇಳ್ತೀಯ? ಅದನ್ನ ಹೇಳಿಬಿಡು ಮೊದ್ಲು.”

ಗುಮಾಸ್ತ ಎದ್ದು ದಿನಚರಿ ಪುಸ್ತಕವನ್ನು ಎಳೆದುಕೊಂಡ. ಈ ಸಲ ಕಣ್ಣು ಮುಚ್ಚಲಿಲ್ಲ. ದೊಡ್ಡ ಅಕ್ಷರದಲ್ಲಿ ಬರೆದ: ‘ಎರಡು ಗಂಟೆ ಐದು ನಿಮಿಷ. ಪಟ್ಟಣದ ದೋಣಿಗಳು ನನ್ನ ಅಪ್ಪಣೆಯಿಂದ ನೀರಿಗೆ ಇಳಿಯುತ್ತಿವೆ. ರಾಜ್ಯದ ಅನುಮತಿ ಇಲ್ಲ. ಆಳುಗಳು ಹೇಳಿದ್ದನ್ನು ಮಾಡುತ್ತಿದ್ದಾರೆ, ಹೇಳಿದವನು ನಾನು.’ ಸಹಿ ಮಾಡಿ ಪುಸ್ತಕ ತಿರುಗಿಸಿ ತೋರಿಸಿದ.

ಭಾವ ಓದಿದರು. “ಇಷ್ಟೇ ತಾನೆ ಬೇಕಿದ್ದಿದ್ದು” ಎಂದರು. ಸಿಟ್ಟಿನಿಂದಲ್ಲ, ತುಂಬ ದಣಿದವರ ಹಾಗೆ. ಅಷ್ಟೇ ಹೇಳಿ ಮೆಟ್ಟಿಲಿಳಿದರು.

ಗುಮಾಸ್ತನೂ ಹಿಂದೆಯೇ ಹೋದ. ಏರಿನಿಂದ ದೋಣಿ ಇಳಿಸುವುದಕ್ಕೇ ನಲವತ್ತು ನಿಮಿಷ ಹಿಡಿಯಿತು. ರಸ್ತೆ ತುಂಬ ಮೇಲಕ್ಕೆ ಹತ್ತುವ ಜನ, ಗಾಡಿ, ದನ. ಕೆಳಕ್ಕೆ ಇಳಿಯುವುದೆಂದರೆ ಅವರಿಗೆ ಎದುರಾಗಿ ಒಂದೊಂದೇ ಹೆಜ್ಜೆ. ನೀರು ಸಿಕ್ಕ ಮೇಲೆ ಆರೈಕೆ ಮನೆಗೆ ತಲುಪಲು ಆರು ನಿಮಿಷ ಸಾಕಾಯಿತು. ಆರೇ ನಿಮಿಷ. ಗುಮಾಸ್ತ ಗಡಿಯಾರ ನೋಡಿದ್ದ, ನೋಡಬಾರದಿತ್ತು.

ಮಹಡಿಯ ಕಿಟಕಿಯಿಂದ ಏಳು ಜನರನ್ನು ಹಾಸಿಗೆ ಸಮೇತ ದೋಣಿಗೆ ಇಳಿಸಿದರು. ಆಳುಗಳಲ್ಲಿ ಯಾರಿಗೂ ಏನೂ ಆಗಲಿಲ್ಲ. ಅಡುಗೆಯವಳು ಇಳಿದಳು. ಅಕ್ಕ ಮಹಡಿಯಲ್ಲಿರಲಿಲ್ಲ. ಮೆಟ್ಟಿಲಿನ ಮೇಲೆ, ಕತ್ತಿನವರೆಗೆ ನೀರಿನಲ್ಲಿ, ಕಂಬಿ ಹಿಡಿದು ನಿಂತಿದ್ದಳು. ಇನ್ನೊಂದು ಕೈಯಲ್ಲಿ ಮೇಷ್ಟ್ರ ಅಂಗಿಯ ಕಾಲರು. ಮೇಷ್ಟ್ರು ಸತ್ತು ಬಹಳ ಹೊತ್ತಾಗಿತ್ತು. ಭಾವ ನೀರಿಗಿಳಿದು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

ದೋಣಿಗೆ ಹತ್ತಿಸುವಾಗ ಗುಮಾಸ್ತ ಕೈ ಚಾಚಿದ. ಅಕ್ಕ ಆ ಕೈಯನ್ನು ನೋಡಿದಳು. ಗಂಡನ ಭುಜ ಹಿಡಿದು ಹತ್ತಿದಳು.

ಮೂರೂವರೆಗೆ ಹೆಲಿಕಾಪ್ಟರ್ ಬಂತು. ಆರೈಕೆ ಮನೆಯ ಖಾಲಿ ತಾರಸಿಯ ಮೇಲೆ ಬಹಳ ಹೊತ್ತು ಸುತ್ತಿತು.

ಆರನೆಯ ದಿನ ವಿಚಾರಣೆ ನಡೆಯಿತು, ಪಟ್ಟಣ ಕಚೇರಿಯ ಸಭಾಂಗಣದಲ್ಲೇ. ಗೋಡೆಯಲ್ಲಿ ಎದೆಯೆತ್ತರಕ್ಕೆ ಕೆಸರಿನ ಗೆರೆ ಇನ್ನೂ ಹಸಿಯಾಗಿತ್ತು. ಆಸ್ಪತ್ರೆಯಿಂದ ಮರಳಿದ್ದ ಊರಿನ ಅಧಿಕಾರಿ, ರಾಜ್ಯದ ಮತ್ತು ಕೇಂದ್ರದ ಅಧಿಕಾರಿಗಳು, ಮೂವರೂ ಒಂದೇ ಮೇಜಿಗೆ ಕೂತಿದ್ದರು. ಎಲ್ಲರೂ ಸಭ್ಯರು. ಒಬ್ಬರ ಮಾತನ್ನು ಇನ್ನೊಬ್ಬರು ಕತ್ತರಿಸಲಿಲ್ಲ. ರಾಜ್ಯ ಮೂರನೆಯ ಚೌಕಕ್ಕೆ ಗುರುತು ಹಾಕಿದ್ದು ಒಂದೂ ನಲವತ್ತಕ್ಕೆ ಎಂಬುದು ಗುಮಾಸ್ತನಿಗೆ ಗೊತ್ತಾದದ್ದು ಅಲ್ಲೇ. ಹಾಗಾದರೆ ಒಂಬತ್ತರಿಂದ ಒಂದೂ ನಲವತ್ತರವರೆಗೆ ಹೋದ ಜೀವ ರಾಜ್ಯದ ಪಾಲಿಗೆ. ಅಲ್ಲಿಂದ ಎರಡೂ ಐದರವರೆಗೆ ಕೇಂದ್ರದ ಪಾಲಿಗೆ. ಆಮೇಲಿನದು ಊರಿನ ಪಾಲಿಗೆ. ನಾಲ್ವರು ಎಷ್ಟೆಷ್ಟು ಹೊತ್ತಿಗೆ ತೀರಿಕೊಂಡರು ಎಂಬುದನ್ನು ಕಂಡದ್ದು ಒಬ್ಬಳೇ.

“ಅಂದಾಜು ಹೇಳಿದರೆ ಸಾಕಮ್ಮ” ಎಂದರು ಕೇಂದ್ರದ ಅಧಿಕಾರಿ.

ಅಕ್ಕ ಅಂದಾಜು ಹೇಳಲಿಲ್ಲ. ಇಪ್ಪತ್ತು ವರ್ಷದ ಅಭ್ಯಾಸ. ಉಸಿರು ನಿಂತಾಗ ಅವಳ ಕಣ್ಣು ತಾನಾಗಿ ಗಡಿಯಾರಕ್ಕೆ ಹೋಗುತ್ತಿತ್ತು. “ದರ್ಜಿಯವರು ಹನ್ನೆರಡೂ ಐವತ್ತು. ಲಾರಿಯವರು ಒಂದೂ ಹತ್ತು. ಮೇಷ್ಟ್ರು ಒಂದೂ ಇಪ್ಪತ್ತೈದು. ಆ ಹುಡುಗಿ...” ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. “ಅವಳನ್ನ ನಾನು ಬಿಟ್ಟೆ. ಮೇಷ್ಟ್ರನ್ನ ಹಿಡ್ಕೊಳ್ಳೋಕೆ. ಒಂದೂ ಹದಿನೈದು.”

ಊರಿನ ಅಧಿಕಾರಿ ನಾಲ್ಕನ್ನೂ ಬರೆದುಕೊಂಡರು. ರಾಜ್ಯದ ಅಧಿಕಾರಿ ಮೆಲ್ಲಗೆ, ವಹಿಸಿಕೊಂಡಿದ್ದೇವೆ ಎಂದರೆ ಒಪ್ಪಿದ್ದೇವೆ ಎಂದಷ್ಟೇ, ಸ್ಥಳಕ್ಕೆ ಕಾಲಿಟ್ಟ ಮೇಲೆಯೇ ಹೊಣೆ ಶುರುವಾಗುವುದು ಎಂದು ವಿವರಿಸತೊಡಗಿದರು. ಕಾಲಿಡಲು ಬಿಡದಿದ್ದದ್ದು ಸೇತುವೆ.

ಗುಮಾಸ್ತ ಎದ್ದು ನಿಂತ. “ಎಂಟೂ ಐವತ್ತಕ್ಕೆ ದೋಣಿ ಅದೇ ಬೀದಿಯಲ್ಲಿತ್ತು ಸ್ವಾಮಿ. ನೀರು ಮೊಣಕಾಲುದ್ದ. ನಮ್ಮ ಭಾವ ಅರ್ಧ ಗಂಟೆ ಕೇಳಿದ್ರು. ನಮ್ಮ ಕೈಲಿ ಆಗ್ತಿತ್ತು. ಆಗಲ್ಲ ಅಂತ ಬರೆದವನು ನಾನು. ಹಿಂದಿನ ಸಲ ಬೈಸಿಕೊಂಡಿದ್ದೆ, ಈ ಸಲ ಬೈಸಿಕೊಳ್ಳಬಾರದು ಅಂತ ಬರೆದೆ. ನಾಲ್ಕನ್ನೂ ನನ್ನ ಹೆಸರಿಗೆ ಹಾಕಿ.”

ಮೂವರೂ ಹಾಳೆ ತಿರುವಿದರು. ಮೊದಲ ಸಲ ಮೂವರಿಗೂ ಒಂದೇ ಅಭಿಪ್ರಾಯವಿತ್ತು.

“ನೀವು ನಿಯಮದಂತೆಯೇ ನಡೆದಿದ್ದೀರಿ” ಎಂದರು ಊರಿನ ಅಧಿಕಾರಿ, ಕರುಣೆಯಿಂದ. “ನಿಜ ಹೇಳಬೇಕೆಂದರೆ ಸಕಾಲಕ್ಕೆ ಹಸ್ತಾಂತರ ಮಾಡಿದ್ದೀರಿ ಅಂತ ಮೆಚ್ಚಿಯೇ ಬರೆದಿದ್ದೇವೆ. ಎರಡೂ ಐದರದ್ದನ್ನು ಮಾತ್ರ ವಿವರಿಸಬೇಕಾಗುತ್ತೆ. ಕೂತ್ಕೊಳ್ಳಿ.”

ಗುಮಾಸ್ತ ಕೂತ. ಶಿಕ್ಷೆಯನ್ನಾದರೂ ದೇವರ ಪ್ರಸಾದವೆಂದು ಕಣ್ಣಿಗೊತ್ತಿಕೊಳ್ಳಬಹುದಿತ್ತು. ಮೆಚ್ಚುಗೆಯನ್ನು ಎಲ್ಲಿಗೆ ಒತ್ತಿಕೊಳ್ಳುವುದೆಂದು ಅವನಿಗೆ ತಿಳಿಯಲಿಲ್ಲ.

ಪಾಲು ಇತ್ಯರ್ಥವಾಗುವವರೆಗೆ ನಾಲ್ಕು ದೇಹಗಳೂ ಆಸ್ಪತ್ರೆಯ ಶವಾಗಾರದಲ್ಲೇ ಇದ್ದವು. ಒಂಬತ್ತನೆಯ ದಿನ ಬಿಟ್ಟುಕೊಟ್ಟರು. ದರ್ಜಿಯ ಮಗಳು ಬಂದಳು, ಲಾರಿಯವರ ತಮ್ಮಂದಿರು ಬಂದರು, ಆ ಹೆಂಗಸಿನ ತಾಯಿ ಬಂದಳು. ಮೇಷ್ಟ್ರಿಗೆ ಯಾರೂ ಇರಲಿಲ್ಲ. ಅವರಿಗಾಗಿ ಅಕ್ಕ ಬಂದಿದ್ದಳು. ಒಬ್ಬಳೇ, ಭಾವ ಜ್ವರ ಹಿಡಿದು ಮಲಗಿದ್ದರು.

ಗುಮಾಸ್ತ ಬಾಗಿಲ ಹೊರಗೆ ಬೆಳಗಿನಿಂದ ನಿಂತಿದ್ದ. ಒಂಬತ್ತು ದಿನ ಅಕ್ಕ ಅವನೊಡನೆ ಮಾತಾಡಿರಲಿಲ್ಲ. ಅವನ ಮನೆಯಿಂದ ಹೋದ ಊಟದ ಡಬ್ಬಿ ಹೋದ ಹಾಗೆಯೇ ಮರಳಿತ್ತು. ಒಳಗೆ ಬರಲೋ ಬೇಡವೋ ಎಂದು ಕೇಳುವ ಧೈರ್ಯವೂ ಅವನಿಗಿರಲಿಲ್ಲ.

ಕಾವಲಿನವನು ಬಿಳಿ ಬಟ್ಟೆ ಹೊದಿಸಿದ ಸ್ಟ್ರೆಚರನ್ನು ಹೊರಗೆ ತಂದಿಟ್ಟು, “ಇನ್ನೊಬ್ಬರು ಯಾರಮ್ಮ ಹಿಡಿಯೋರು?” ಎಂದ.

ಅಕ್ಕ ತಲೆಯ ಕಡೆ ಬಗ್ಗಿ ಹಿಡಿ ಹಿಡಿದುಕೊಂಡಳು. ಸುತ್ತ ನೋಡಿದಳು. ಅಲ್ಲಿ ಬೇರೆ ಯಾರೂ ಇರಲಿಲ್ಲ. ಅವಳ ಕಣ್ಣು ತಮ್ಮನ ಮೇಲೆ ಬಂದು ನಿಂತಿತು. ಅದರಲ್ಲಿ ಕ್ಷಮೆಯಿರಲಿಲ್ಲ, ಕೋಪವೂ ಇರಲಿಲ್ಲ, ಆಗಬೇಕಾದ ಕೆಲಸವೊಂದಿತ್ತು.

ಗುಮಾಸ್ತ ಬಂದು ಕಾಲಿನ ಕಡೆ ಹಿಡಿದ. ಗಡಿಬಿಡಿಯಲ್ಲಿ ಜಗ್ಗಿ ಎತ್ತಿದ.

“ಮೆಲ್ಲಗೆ ಕಣೋ” ಎಂದಳು ಅಕ್ಕ. “ಅವರಿಗೆ ಸೊಂಟದ ನೋವು.”